ಕರಾವಳಿ ಮನೆಯ ಗ್ಯಾರೇಜ್ ಶಟರ್: ದುರಸ್ತಿಯ ಅಂದಾಜು ಪಟ್ಟಿಯ ಬಗ್ಗೆ ದೂರು

ಟಿಳಕವಾಡಿ, ಬೆಳಗಾವಿ
6 ಅಕ್ಟೋಬರ್ 2025

ಇವರಿಗೆ,
ವ್ಯವಸ್ಥಾಪಕರು,
ರೋಲಿಂಗ್ ಶಟರ್ ತಯಾರಿಕಾ ಘಟಕ,
ಉದ್ಯಮಬಾಗ, ಬೆಳಗಾವಿ

ವಿಷಯ: ಕಾರವಾರ ತಾಲ್ಲೂಕಿನ ಸದಾಶಿವಗಡದ ಮನೆಗೆ ನೀವು ಕೂರಿಸಿದ ಮೋಟರ್ ಶಟರ್ ಎರಡೇ ಮಳೆಗಾಲಕ್ಕೆ ತುಕ್ಕು ಹಿಡಿದಿರುವುದು, ದುರಸ್ತಿಗೆ 41,300 ರೂಪಾಯಿ ಕೇಳಿರುವುದು.

ಮಾನ್ಯರೇ,

ನೀವು ಕಳಿಸಿದ ಅಂದಾಜು ಪಟ್ಟಿ ಕೈಸೇರಿದೆ. ಅದರ ಮೊದಲ ಸಾಲಿನಲ್ಲೇ ‘ಸ್ಪ್ರಿಂಗ್ ಬದಲಾವಣೆ, 2 ನಗ, 5,200 ರೂ.’ ಎಂದಿದೆ. ನಮ್ಮ ಶಟರ್‌ನಲ್ಲಿ ಸ್ಪ್ರಿಂಗೇ ಇಲ್ಲ. ಪಕ್ಕದ ಗೋಡೆಗೆ ಕೂರಿಸಿದ ಮೋಟರ್ ಸರಪಳಿಯ ಮೂಲಕ ಮೇಲಿನ ಪೈಪನ್ನು ತಿರುಗಿಸುತ್ತದೆ, ಶಟರ್‌ನ ತಗಡಿನ ಪಟ್ಟಿಗಳು ಆ ಪೈಪಿಗೆ ಸುತ್ತಿಕೊಳ್ಳುತ್ತವೆ. ಕೂರಿಸಿದವರು ನೀವೇ, ನಾನು ಹೇಳಿಕೊಡಬೇಕಾಗಿಲ್ಲ. ಕೈಯಿಂದ ಎತ್ತುವ ಯಾವುದೋ ಅಂಗಡಿಯ ಶಟರ್‌ಗೆ ತಯಾರಿಸಿದ ಹಳೆಯ ಅಂದಾಜಿನ ಮೇಲೆ ನನ್ನ ಹೆಸರು ಹಾಕಿ ಕಳಿಸಿದ್ದೀರಿ ಎಂಬುದು ಅಲ್ಲಿಗೇ ಗೊತ್ತಾಯಿತು. ಇಲ್ಲದ ಸ್ಪ್ರಿಂಗ್ ಬದಲಿಸಲು ಘಟ್ಟ ಇಳಿದು ಹೋಗುವ ಶ್ರಮವನ್ನು ನೀವು ತೆಗೆದುಕೊಳ್ಳುವುದು ಬೇಡ.

ಉಳಿದ ಎರಡು ಸಾಲುಗಳನ್ನೂ ನೋಡಿದೆ. ‘ಪಟ್ಟಿ ಬದಲಾವಣೆ 16,800 ರೂ.’ ಎಂದಿದೆಯೇ ಹೊರತು ಎಷ್ಟು ಪಟ್ಟಿ, ಯಾವ ಲೋಹ, ಎಷ್ಟು ದಪ್ಪ ಎಂಬುದಿಲ್ಲ. ಆಮೇಲೆ ‘ಪ್ರಯಾಣ ಮತ್ತು ಇತರೆ 13,000 ರೂ.’ ಖಾನಾಪುರ, ರಾಮನಗರ, ಜೋಯಿಡಾ ದಾಟಿ ಕಾಡಿನ ದಾರಿಯಲ್ಲಿ ಹೋಗಬೇಕು, ಅದಕ್ಕೆ ಖರ್ಚಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವಾಹನದ ಬಾಡಿಗೆ ಎಷ್ಟು, ಫಿಟ್ಟರ್ ಕೂಲಿ ಎಷ್ಟು ಎಂದು ಬೇರೆ ಬೇರೆ ಬರೆಯಲು ಏನು ಅಡ್ಡಿ? ‘ಇತರೆ’ ಎಂಬ ಈ ಮಹಾಶಯರು ಎಲ್ಲ ಅಂದಾಜು ಪಟ್ಟಿಗಳಲ್ಲೂ ಇರುತ್ತಾರೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಇವೆಲ್ಲದರ ಮೇಲೆ ಶೇ 18ರ ಜಿಎಸ್‌ಟಿ ಸೇರಿ 41,300 ಆಗಿದೆ. 2023ರ ನವೆಂಬರ್‌ನಲ್ಲಿ ಇಡೀ ಶಟರ್‌ಗೆ, ಮೋಟರ್ ಮತ್ತು ಅಳವಡಿಕೆ ಸೇರಿ, ನಾನು ಕೊಟ್ಟದ್ದು 88,500. ಎರಡು ವರ್ಷ ತುಂಬುವ ಮೊದಲೇ ಅದರ ಅರ್ಧಕ್ಕೆ ಸಮೀಪದ ಹಣವನ್ನು ಮತ್ತೆ ಕೇಳುತ್ತಿದ್ದೀರಿ.

ವಾರಂಟಿಯ ಮಾತೆತ್ತಿದರೆ ನಿಮ್ಮ ಕಚೇರಿಯಿಂದ ಬಂದ ಉತ್ತರ ಒಂದೇ: ಕಡಲ ತೀರದಲ್ಲಿ ಕಬ್ಬಿಣಕ್ಕೆ ತುಕ್ಕು ಸಹಜ, ಅದು ವಾರಂಟಿಗೆ ಸೇರುವುದಿಲ್ಲ. ಸಹಜ ಎಂಬುದು ನನಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಆರ್ಡರ್ ಕೊಡುವಾಗ ಮನೆ ಸಮುದ್ರದ ಪಕ್ಕ ಇದೆ ಎಂದು ಹೇಳಿದ್ದೆ. ಅದಕ್ಕೆ ನೀವು ದರಪಟ್ಟಿಯಲ್ಲಿ ‘ಕರಾವಳಿಗೆ ತಕ್ಕ ದರ್ಜೆ’ ಎಂದು ಬರೆದು ಹೆಚ್ಚುವರಿ ದರವನ್ನೂ ಹಾಕಿದಿರಿ. ಆದರೆ ಸರಕಿನ ಜೊತೆ ಬಂದ ಚಲನ್‌ನಲ್ಲಿ ಇರುವುದು ‘ಜಿಐ ಪಟ್ಟಿ, 0.9 ಮಿ.ಮೀ., 120 ಜಿಎಸ್‌ಎಂ’. ಜಿಐ ಎಂದರೆ ತುಕ್ಕು ತಡೆಯಲು ಸತು ಲೇಪಿಸಿದ ತಗಡು.

ಈ 120 ಎಂಬ ಅಂಕಿಯೇ ನನ್ನ ದೂರಿನ ತಿರುಳು. ಒಂದು ಚದರ ಮೀಟರ್ ತಗಡಿನ ಎರಡೂ ಮೈಗಳಿಗೆ ಸೇರಿ 120 ಗ್ರಾಂ ಸತು ಬಳಿದಿದೆ ಎಂದು ಅದರ ಅರ್ಥ. ಒಂದು ಮೈಗೆ ಲೆಕ್ಕ ಹಾಕಿದರೆ ಅದರ ದಪ್ಪ ಸುಮಾರು 8 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ಲೋಹ ಸವೆಯುವ ವೇಗವನ್ನು ಹವೆಗೆ ತಕ್ಕಂತೆ ವರ್ಗೀಕರಿಸುವ ಐಎಸ್‌ಒ 9223 ಮಾನದಂಡ ಉಪ್ಪುಗಾಳಿಯ ಕಡಲಂಚನ್ನು ಸಿ4, ಸಿ5 ವರ್ಗಗಳಲ್ಲಿ ಇಡುತ್ತದೆ. ಸಿ4ರಲ್ಲಿ ಸತು ವರ್ಷಕ್ಕೆ 2.1ರಿಂದ 4.2 ಮೈಕ್ರಾನ್ ಸವೆದರೆ, ಸಿ5ರಲ್ಲಿ 4.2ರಿಂದ 8.4ರವರೆಗೆ. ಅಂದರೆ ನೀವು ಕೊಟ್ಟ ಲೇಪ ಉಪ್ಪು ಜಾಸ್ತಿ ಇರುವ ಜಾಗದಲ್ಲಿ ಒಂದೆರಡು ವರ್ಷದಲ್ಲಿ ಮುಗಿದುಹೋಗುತ್ತದೆ, ಮುಗಿದುಹೋಗಿದೆ. ಕಲಾಯಿ ತಗಡಿನ ಭಾರತೀಯ ಮಾನಕ ಐಎಸ್ 277ರಲ್ಲೇ 275 ಗ್ರಾಂ ಲೇಪದ ತಗಡು ಇದೆ. ಅದರ ಒಂದು ಮೈಯ ದಪ್ಪ ಸುಮಾರು 19 ಮೈಕ್ರಾನ್, ಅದೇ ಗಾಳಿಯಲ್ಲಿ ದುಪ್ಪಟ್ಟಿಗಿಂತ ಹೆಚ್ಚು ಕಾಲ ಬಾಳುತ್ತದೆ. ಉದ್ಯಮಬಾಗದಂಥ ಎರಕದ ಕಾರ್ಖಾನೆಗಳ ಪ್ರದೇಶದಲ್ಲಿ ಕೂತು ವ್ಯವಹಾರ ಮಾಡುವವರಿಗೆ ಇದು ತಿಳಿಯದ ವಿಷಯವಲ್ಲ. ಬೆಳಗಾವಿಯ ಅಂಗಡಿಗಳಿಗೆ ಕೊಡುವ ತಗಡನ್ನೇ ಕಾರವಾರಕ್ಕೂ ಸಾಗಿಸಿದ್ದೀರಿ, ದರ ಮಾತ್ರ ಕರಾವಳಿಯದ್ದು.

ಗ್ರಾಹಕರು ತೊಳೆದು ನೋಡಿಕೊಳ್ಳಲಿಲ್ಲ, ಮಳೆ ನೇರವಾಗಿ ಬಡಿದಿದೆ ಎಂದೂ ನಿಮ್ಮ ಫಿಟ್ಟರ್ ವರದಿಯಲ್ಲಿ ಬರೆದಿದ್ದಾರೆ. ಅವರು ಶಟರನ್ನು ಒಳಗಡೆಯಿಂದ ನೋಡಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಮಳೆ ಬಡಿಯುವ ಹೊರಮೈ ಇವತ್ತಿಗೂ ತಕ್ಕಮಟ್ಟಿಗೆ ಚೊಕ್ಕಟವಾಗಿದೆ. ಕೆಟ್ಟಿರುವುದು ಮಳೆಯ ಹನಿಯೂ ತಾಗದ ಒಳಮೈ. ಹೊರಗಿನ ಉಪ್ಪನ್ನು ಮಳೆ ತೊಳೆದುಕೊಂಡು ಹೋಗುತ್ತದೆ, ಒಳಗೆ ಕೂತ ಉಪ್ಪು ಅಲ್ಲೇ ಉಳಿದು ಗಾಳಿಯ ತೇವವನ್ನು ಹೀರುತ್ತದೆ. ಒಂದು ಪಟ್ಟಿ ಇನ್ನೊಂದಕ್ಕೆ ಕೊಂಡಿಯಂತೆ ಸಿಕ್ಕಿಕೊಳ್ಳುವ ಮಡಿಕೆಗಳಲ್ಲಿ ಮೊದಲು ಬಿಳಿಯ ಪುಡಿ ಕಂಡಿತು, ಅದು ಸತು ಕರಗುತ್ತಿರುವ ಗುರುತು. ಈಗ ಅದೇ ಮಡಿಕೆಗಳಲ್ಲಿ ಕೆಂಪು ಹಕ್ಕಳೆ ಎದ್ದಿದೆ. ಕೆಳಗಿನ ಪಟ್ಟಿಗಳನ್ನು ಉಗುರಿನಿಂದ ಕೆರೆದರೆ ಸಾಕು, ಹಕ್ಕಳೆ ಕಳಚಿ ನೆಲಕ್ಕೆ ಬೀಳುತ್ತದೆ. ಪಟ್ಟಿಗಳ ಅಂಚು ಜಾರುವ ಎರಡೂ ಬದಿಯ ಗೈಡ್ ಚಾನೆಲ್‌ಗೆ ಸರ್ವಿಸ್ ಮಾಡುವಾಗ ನಿಮ್ಮವರು ಗಟ್ಟಿ ಗ್ರೀಸ್ ತುಂಬಿ ಹೋಗಿದ್ದಾರೆ. ಗಾಳಿಗೆ ಹಾರಿಬಂದ ಮರಳು ಅದಕ್ಕೆ ಅಂಟಿ ಉಪ್ಪುಕಾಗದದ ಹಾಗೆ ಪಟ್ಟಿಯ ಅಂಚನ್ನು ಉಜ್ಜುತ್ತಿದೆ. ಅಲ್ಲಿ ಹಾಕಬೇಕಾದದ್ದು ಜಿಡ್ಡು ಹಿಡಿಯದ ಸಿಲಿಕೋನ್ ಸ್ಪ್ರೇ. ಗ್ರೀಸ್ ಸರಪಳಿಗೆ ಮತ್ತು ಬೇರಿಂಗ್‌ಗೆ.

ಇನ್ನು ಬಜೆಟ್ಟಿನ ವಿಷಯ. ಆ ಮನೆಯಲ್ಲಿ ನನ್ನ ಅತ್ತೆಯವರು ಒಬ್ಬರೇ ಇದ್ದಾರೆ. ದುರಸ್ತಿಗೆ ಹಣ ಹೊಂದಿಸುವವನು ನಾನು, ನನ್ನದು ಪಿಂಚಣಿಯ ಲೆಕ್ಕಾಚಾರ. ಹೀಗಾಗಿ ಶಟರ್ ಕೊಳ್ಳುವಾಗಲೇ ಮುಂದಿನ ಖರ್ಚಿನ ಅಂದಾಜು ಕೇಳಿದ್ದೆ. ಮೊದಲ ಐದು ವರ್ಷ ನಿರ್ವಹಣೆಗೆ ವರ್ಷಕ್ಕೆ 2,500 ರೂಪಾಯಿ ತೆಗೆದಿಟ್ಟರೆ ಸಾಕು ಎಂದು ನಿಮ್ಮ ಮುದ್ರಿತ ನಿರ್ವಹಣಾ ಪಟ್ಟಿ ಹೇಳುತ್ತದೆ. ಅದನ್ನು ನಂಬಿ ಅಷ್ಟೇ ತೆಗೆದಿಟ್ಟೆ. ಈಗ ನೀವು ಒಂದೇ ಸಲಕ್ಕೆ ಕೇಳುತ್ತಿರುವ ಮೊತ್ತ ಆ ಲೆಕ್ಕದಲ್ಲಿ ಹದಿನಾರು ವರ್ಷದ ಉಳಿತಾಯ. ಆ ಪಟ್ಟಿ ಬಯಲುಸೀಮೆಯ ಒಣ ಹವೆಗೆ ಮಾಡಿದ್ದು ಎಂದು ಅದರ ಅಡಿಯಲ್ಲಿ ಒಂದು ಸಾಲು ಬರೆದಿದ್ದರೂ ನಾನು ಬೇರೆ ದಾರಿ ನೋಡುತ್ತಿದ್ದೆ. ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಬೇಕಾದಷ್ಟು ಷರತ್ತು ಅಚ್ಚಾಗಿವೆ, ಆ ಒಂದು ಸಾಲು ಮಾತ್ರ ಇಲ್ಲ.

ಕಳೆದ ಆಗಸ್ಟ್‌ನಲ್ಲಿ ಮೋಟರ್ ಗುಂಯ್‌ಗುಟ್ಟಿ ನಿಂತಿತು. ಕಾರು ಒಳಗೇ ಉಳಿಯಿತು. ವಿದ್ಯುತ್ ಇಲ್ಲದಾಗ ಎಳೆಯಲು ಕೊಟ್ಟಿರುವ ಕೈಸರಪಳಿಯೂ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಎಪ್ಪತ್ತು ದಾಟಿದ ಅತ್ತೆಯವರು ಕಣ್ಣು ತೋರಿಸಲು ಆಟೊದಲ್ಲಿ ಕಾರವಾರಕ್ಕೆ ಹೋಗಿ ಬಂದರು. ಅವರು ದೂರಲಿಲ್ಲ, ಅವರ ಪರವಾಗಿ ನಾನು ದೂರುತ್ತಿದ್ದೇನೆ.

ನಾನು ಕೇಳುತ್ತಿರುವುದು ಇಷ್ಟು. ಈ ಅಂದಾಜು ಪಟ್ಟಿಯನ್ನು ಹಿಂದಕ್ಕೆ ಪಡೆಯಿರಿ. ಮೂರು ವರ್ಷದ ವಾರಂಟಿ ಇನ್ನೂ ಮುಗಿದಿಲ್ಲ, ಒಪ್ಪಿದ ದರ್ಜೆಯ ಮಾಲು ಕೊಟ್ಟಿಲ್ಲ, ಆದ್ದರಿಂದ ಪಟ್ಟಿಗಳನ್ನು ನಿಮ್ಮ ಖರ್ಚಿನಲ್ಲೇ ಬದಲಿಸಿ. ನನ್ನ ಮಟ್ಟಿಗೆ ಪೌಡರ್ ಕೋಟಿಂಗ್ (ಪುಡಿ ಬಣ್ಣವನ್ನು ಕಾಯಿಸಿ ಹಿಡಿಸುವ ಲೇಪ) ಮಾಡಿದ ಅಲ್ಯೂಮಿನಿಯಂ ಪಟ್ಟಿ ಲೇಸು. 275 ಗ್ರಾಂ ಲೇಪದ ಜಿಐ ಹಾಕುವುದಾದರೆ ಅದರ ಮೇಲೂ ಪೌಡರ್ ಕೋಟಿಂಗ್ ಇರಲಿ, ತಗಡು ತಯಾರಿಸಿದ ಕಾರ್ಖಾನೆಯ ಪರೀಕ್ಷಾ ಪ್ರಮಾಣಪತ್ರವೂ ಜೊತೆಗಿರಲಿ. ಬೋಲ್ಟ್ ಮತ್ತು ಸ್ಕ್ರೂಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವಾಗಬೇಕು. 304 ದರ್ಜೆಯಲ್ಲಿ ಇಲ್ಲದ ಮಾಲಿಬ್ಡಿನಂ ಅದರಲ್ಲಿ ಶೇ 2ರಿಂದ 3ರಷ್ಟು ಇರುವುದರಿಂದ ಉಪ್ಪಿಗೆ ಅದು ಹೆಚ್ಚು ತಡೆಯುತ್ತದೆ. ಅಲ್ಯೂಮಿನಿಯಂಗೆ ಸ್ಟೀಲ್ ತಾಗುವ ಕಡೆ ನೈಲಾನ್ ವಾಷರ್ ಹಾಕದಿದ್ದರೆ ಆ ಜಾಗದಲ್ಲೇ ಅಲ್ಯೂಮಿನಿಯಂ ಕೊರೆದುಹೋಗುತ್ತದೆ, ಇದನ್ನು ನಿಮ್ಮ ಫಿಟ್ಟರ್‌ಗೆ ಬರೆದೇ ಕೊಡಿ.

ಇದರ ಜೊತೆಗೆ ಕರಾವಳಿಗೆಂದೇ ಮಾಡಿದ ಹೊಸ ಖರ್ಚಿನ ಪಟ್ಟಿಯೂ ಬೇಕು. ಸಿಹಿನೀರಿನಲ್ಲಿ ತೊಳೆದು ಸ್ಪ್ರೇ ಹಾಕಿಸುವ ವರ್ಷದ ಖರ್ಚು ಒಂದು ಕಡೆ, ಸರಪಳಿ, ಬೇರಿಂಗ್, ಶಟರನ್ನು ತುದಿಯಲ್ಲಿ ನಿಲ್ಲಿಸುವ ಲಿಮಿಟ್ ಸ್ವಿಚ್‌ನಂಥ ಸವೆಯುವ ಭಾಗಗಳ ಇಂದಿನ ಬೆಲೆ ಮತ್ತೊಂದು ಕಡೆ, ಪ್ರಯಾಣದ ದರ ಪ್ರತ್ಯೇಕವಾಗಿ. ತೊಳೆದು ಸ್ಪ್ರೇ ಹಾಕುವ ಕೆಲಸಕ್ಕೆ ಕಾರವಾರದ ಸ್ಥಳೀಯ ಫಿಟ್ಟರ್‌ನನ್ನು ಕರೆಸಿಕೊಂಡರೆ ವಾರಂಟಿ ರದ್ದಾಗುವುದಿಲ್ಲ ಎಂಬ ಲಿಖಿತ ಒಪ್ಪಿಗೆ ಕೊಟ್ಟರೆ ನಿಮಗೂ ಓಡಾಟ ತಪ್ಪುತ್ತದೆ, ನನಗೂ ದುಡ್ಡು ಉಳಿಯುತ್ತದೆ.

ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬೆಳಗಾವಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಶಟರ್ ಕಾರವಾರದಲ್ಲಿದ್ದರೂ ದೂರುದಾರ ವಾಸವಿರುವ ಊರಿನಲ್ಲೇ ದೂರು ಕೊಡಲು ಆ ಕಾಯ್ದೆ ಅವಕಾಶ ಕೊಟ್ಟಿದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ದರಪಟ್ಟಿ, ಬಿಲ್ಲು, ಚಲನ್, ನಿಮ್ಮ ನಿರ್ವಹಣಾ ಪಟ್ಟಿ ಹಾಗೂ ಒಳಮೈಯ ಫೋಟೊಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ, ಮೂಲ ಪ್ರತಿಗಳು ನನ್ನ ಬಳಿ ಇವೆ.

ಇಂತಿ,
ನಿಮ್ಮ ಗ್ರಾಹಕ
(ಸಹಿ)