ನಕ್ಷೆ ಕತ್ತರಿಸಿ ತೆಗೆದ ಪುಸ್ತಕಗಳನ್ನು ‘ಸಂಪೂರ್ಣ’ ಎಂದು ಮಾರಿದ ಬಗ್ಗೆ ದೂರು

ಗೆ,
ಮಾಲೀಕರು ಮತ್ತು ಕುಂದುಕೊರತೆ ಅಧಿಕಾರಿಗಳು,
ಹಳೆ ಪುಸ್ತಕ ಮಾರಾಟ ಸಂಸ್ಥೆ, ಬೆಂಗಳೂರು

ಮಾನ್ಯರೇ,

ಫೋನಿನಲ್ಲಿ ಮರ್ಯಾದೆಯಿಂದ ಹೇಳಿ ಹೇಳಿ ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಕಸ್ಟಮರ್ ಕೇರ್‌ನವರು ಪ್ರತಿ ಸಲವೂ ‘ನೋಟ್ ಮಾಡ್ಕೊಂಡಿದೀವಿ ಮೇಡಂ’ ಅಂದರು. ಏನು ನೋಟ್ ಮಾಡಿಕೊಂಡರೋ ಗೊತ್ತಿಲ್ಲ. ಕಳೆದ ವಾರ ನಿಮ್ಮ ಅಂಗಡಿಯಲ್ಲಿ ನನಗಾದ ಅವಮಾನದ ಮೇಲೆ ಇನ್ನು ಬಾಯಿಮಾತಿನ ವ್ಯವಹಾರ ಬೇಡ, ಎಲ್ಲವೂ ಬರಹದಲ್ಲೇ ಇರಲಿ.

ನಾನು ಕೊಂಡದ್ದು ಲಂಡನ್ನಿನ ವಾರ್ಡ್ ಲಾಕ್ ಪ್ರಕಾಶನದವರು ಇಂಗ್ಲೆಂಡಿನ ಊರುಗಳ ಬಗ್ಗೆ ತಂದ ನಾಲ್ಕು ಹಳೆಯ ಸಚಿತ್ರ ಪ್ರವಾಸ ಗೈಡ್‌ಗಳು: ಬ್ರೈಟನ್, ಬಾತ್, ಎಕ್ಸೆಟರ್ ಮತ್ತು ಬೊಗ್ನರ್ ರೀಜಿಸ್. ಕೆಂಪು ಬಟ್ಟೆಯ ರಟ್ಟು, ಕೋಟಿನ ಜೇಬಿಗೆ ಹಿಡಿಸುವ ಅಳತೆ, ಒಳಗೆ ಫೋಟೋಗಳು, ಹೋಟೆಲು ಬೋರ್ಡಿಂಗ್ ಹೌಸುಗಳ ಜಾಹೀರಾತುಗಳು. ಎಲ್ಲಕ್ಕಿಂತ ಮುಖ್ಯವಾಗಿ ಎಡಿನ್‌ಬರೋದ ಬಾರ್ತಲೋಮ್ಯೂ ಸಂಸ್ಥೆ ಮಾಡಿಕೊಟ್ಟ ಮಡಿಕೆ ನಕ್ಷೆಗಳು. ಈ ಮಾಲಿಕೆಗೆ ಇವತ್ತಿಗೂ ಬೆಲೆ ಇರುವುದು ಆ ನಕ್ಷೆಗಳಿಂದ. ಇದು ನಿಮಗೆ ಗೊತ್ತಿಲ್ಲದ ವಿಷಯವಲ್ಲ. ನಿಮ್ಮ ವೆಬ್‌ಸೈಟಿನಲ್ಲೇ ‘ಸಂಪೂರ್ಣ ಎಂದರೆ ಎಲ್ಲ ಚಿತ್ರ, ನಕ್ಷೆಗಳನ್ನು ಎಣಿಸಿ ನೋಡಿದ ಪ್ರತಿ’ ಎಂದು ಬರೆದಿದ್ದೀರಿ. ನಾಲ್ಕೂ ಪುಸ್ತಕಗಳ ಕೆಳಗೆ ‘ಸಂಪೂರ್ಣ’ ಎಂದೇ ಇತ್ತು. ಅದನ್ನು ನಂಬಿ 14,500 ರೂಪಾಯಿ ಕಟ್ಟಿದೆ.

ಬಂದ ಪುಸ್ತಕಗಳಲ್ಲಿ ಊರಿನ ಮುಖ್ಯ ನಕ್ಷೆ ಒಂದರಲ್ಲೂ ಇಲ್ಲ. ಹಳೆಯದಾಗಿ ಹರಿದು ಹೋಗಿದ್ದರೆ ಸುಮ್ಮನಿರುತ್ತಿದ್ದೆ. ಹೊಲಿಗೆಯ ಪಕ್ಕದಲ್ಲಿ ಅರ್ಧ ಬೆರಳಗಲದ ಕಾಗದದ ಪಟ್ಟಿ ಉಳಿದಿದೆ, ಅದರ ಅಂಚು ಬ್ಲೇಡಿನಲ್ಲಿ ಗೀರಿದಷ್ಟು ನೇರವಾಗಿದೆ. ಸುತ್ತಲಿನ ಹಾಳೆಗಳೆಲ್ಲ ಹಳದಿ ತಿರುಗಿದ್ದರೂ ಕತ್ತರಿಸಿದ ಅಂಚು ಮಾತ್ರ ಬೆಳ್ಳಗಿದೆ. ಇತ್ತೀಚೆಗೆ ಯಾರೋ ಬೇಕೆಂದೇ ತೆಗೆದದ್ದು ಇದು.

ಕಾಲ ನಮೂದಿಸಿದ್ದೂ ತಪ್ಪು. ಬೊಗ್ನರ್ ಪುಸ್ತಕಕ್ಕೆ ‘1910ರ ಆವೃತ್ತಿ’ ಎಂದು ಹಾಕಿದ್ದೀರಿ. ಶೀರ್ಷಿಕೆ ಪುಟದಲ್ಲಿ ದೊಡ್ಡಕ್ಷರದಲ್ಲಿ ‘ಬೊಗ್ನರ್ ರೀಜಿಸ್’ ಎಂದಿದೆ. ಐದನೇ ಜಾರ್ಜ್ ದೊರೆ ಕಾಯಿಲೆಯಿಂದ ಚೇತರಿಸಿಕೊಳ್ಳಲು ಆ ಊರಿನ ಪಕ್ಕ ತಂಗಿದ್ದು 1929ರಲ್ಲಿ. ‘ದೊರೆಯ’ ಎಂಬ ಅರ್ಥದ ‘ರೀಜಿಸ್’ ಊರಿನ ಹೆಸರಿಗೆ ಸೇರಿದ್ದು ಆಮೇಲೆ. ಹಾಗಿದ್ದ ಮೇಲೆ ಅದು 1910ರ ಪುಸ್ತಕ ಹೇಗಾದೀತು? ಬ್ರೈಟನ್ನಿನದಕ್ಕೆ ‘1890’ ಎಂದಿದೆ, ಒಳಗೆ ನೋಡಿದರೆ 1899ರಲ್ಲಿ ತೆರೆದ ಪ್ಯಾಲೇಸ್ ಪಿಯರ್ ಎಂಬ ಕಡಲಗಟ್ಟೆಯ ವರ್ಣನೆ! ಈ ಗೈಡ್‌ಗಳಲ್ಲಿ ಸಾಮಾನ್ಯವಾಗಿ ಇಸವಿ ಮುದ್ರಿಸುತ್ತಿರಲಿಲ್ಲ, ನಿಜ. ಆದ್ದರಿಂದಲೇ ಒಳಗಿನ ಸಂಗತಿ ಓದಿ ಕಾಲ ಹೇಳಬೇಕು. ರೈಲು ಕಂಪನಿಯ ಹೆಸರು ನೋಡಿದರೂ ಸಾಕಿತ್ತು. ‘ಲಂಡನ್, ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆ’ ಎಂದಿದ್ದರೆ 1923ಕ್ಕೆ ಮೊದಲಿನದು, ‘ಸದರ್ನ್ ರೈಲ್ವೆ’ ಎಂದಿದ್ದರೆ ಆಮೇಲಿನದು. ಹಳೆ ಪುಸ್ತಕ ಮಾರುವವರು ಇಷ್ಟಾದರೂ ಮಾಡಬೇಡವೇ?

ಇನ್ನು ಅಂಗಡಿಯ ವಿಷಯ. ಪುಸ್ತಕ ವಾಪಸ್ ಮಾಡಬೇಕಾದರೆ ‘ಖುದ್ದಾಗಿ ತಂದುಕೊಡಿ’ ಎಂದು ನಿಮ್ಮವರೇ ಹೇಳಿದ್ದಕ್ಕೆ ಮೈಸೂರಿನಿಂದ ಬೆಳಗಿನ ರೈಲಿಗೆ ಬಂದೆ. ಕೌಂಟರಿನ ಹುಡುಗ ಮೊಬೈಲಿನಿಂದ ಕಣ್ಣೆತ್ತಲಿಲ್ಲ. ನಾಲ್ಕೂ ಪುಸ್ತಕ ಸಾಲಾಗಿ ಇಟ್ಟು ಕತ್ತರಿಸಿದ ಜಾಗ ತೋರಿಸಿದೆ.

‘ಓದೋಕೆ ಪೇಜೆಲ್ಲ ಇದೆಯಲ್ಲ ಆಂಟಿ. ಮ್ಯಾಪ್ ಗೂಗಲ್‌ನಲ್ಲೇ ಸಿಗುತ್ತೆ.’

‘ಈಗಿನ ಊರು ಗೂಗಲ್‌ನಲ್ಲಿ ಸಿಗುತ್ತಪ್ಪ, ನನಗೆ ಬೇಕಾದ್ದು ಆಗಿನ ಊರು’ ಅಂದೆ.

ಅವನು ನಕ್ಕ. ಪಕ್ಕದವಳ ಕಡೆ ತಿರುಗಿ ‘ಆಗಿನ ಊರಂತೆ’ ಅಂದ. ಅವಳೂ ನಕ್ಕಳು. ಆಗಲೇ ಅವನ ತಲೆಯ ಮೇಲಿನ ಗೋಡೆ ನನ್ನ ಕಣ್ಣಿಗೆ ಬಿತ್ತು. ಗಾಜು, ಕಪ್ಪು ಚೌಕಟ್ಟು, ಒಳಗೆ ಬೊಗ್ನರ್‌ನ ನಕ್ಷೆ, ಮಡಿಕೆಯ ಗೆರೆಗಳು ಹಾಗೇ ಇವೆ. ಕೆಳಗೆ ಚೀಟಿ: ‘ವಿಂಟೇಜ್ ವಾಲ್ ಆರ್ಟ್, ರೂ. 6,800’. ಅದರ ಎಡ ಅಂಚನ್ನೂ ನನ್ನ ಪುಸ್ತಕದ ಪಟ್ಟಿಯನ್ನೂ ಜೋಡಿಸಿ ನೋಡೋಣ, ಇಳಿಸಿ ಅಂದೆ. ‘ಅದು ಆರ್ಟ್ ಸೆಕ್ಷನ್, ಬುಕ್ ಸೆಕ್ಷನ್‌ಗೆ ಬರಲ್ಲ’ ಅಂದ. ನಾನು ಬಿಡಲಿಲ್ಲ. ಆಗ ಮ್ಯಾನೇಜರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ಗಿರಾಕಿಗಳು ಏಳೆಂಟು ಮಂದಿ ನಿಂತಿದ್ದರು. ಅಷ್ಟೂ ಜನರಿಗೆ ಕೇಳುವ ಹಾಗೆ ಮ್ಯಾನೇಜರ್ ಹೇಳಿದ ಮಾತು ಇದು: ‘ಮ್ಯಾಪ್ ಅವರೇ ಕತ್ತರಿಸಿಕೊಂಡು ವಾಪಸ್ ತಂದಿರಬಹುದಲ್ಲ, ಬ್ಯಾಗ್ ಚೆಕ್ ಮಾಡಿ.’

ಚೆಕ್ ಮಾಡಿದರು. ನಾನು ಬೇಡವೆನ್ನುವಷ್ಟರಲ್ಲಿ ಹುಡುಗ ಚೀಲ ಎಳೆದುಕೊಂಡಿದ್ದ. ಒಂದೊಂದೇ ತೆಗೆದು ಕೌಂಟರಿನ ಮೇಲಿಟ್ಟ. ಕೊಡೆ, ನೀರಿನ ಬಾಟಲಿ, ಮೊಸರನ್ನದ ಡಬ್ಬಿ, ಬಿಪಿ ಮಾತ್ರೆ, ಭೂತಕನ್ನಡಿ. ಮಾತ್ರೆ ಚೀಟಿಯನ್ನು ತಿರುಗಿಸಿ ಹೆಸರು ಓದಿದ. ಡಬ್ಬಿಯ ಮುಚ್ಚಳವನ್ನೂ ತೆಗೆದು ನೋಡಿದ. ನಕ್ಷೆಯನ್ನು ಮೊಸರನ್ನದಲ್ಲಿ ಬಚ್ಚಿಡುತ್ತಾರೆಯೇ? ಕೊನೆಗೆ ಉಗುರು ಕತ್ತರಿಸುವ ಪುಟ್ಟ ಕತ್ತರಿ ಸಿಕ್ಕಿತು. ಅದನ್ನು ಎತ್ತಿ ಹಿಡಿದು ಫೋನಿಗೆ ಹೇಳಿದ, ‘ಕತ್ತರಿ ಇದೆ ಸರ್.’ ಪಕ್ಕದಲ್ಲಿ ನಿಂತಿದ್ದ ಒಬ್ಬ ತಾಯಿ ಮಗುವನ್ನು ತನ್ನ ಕಡೆಗೆ ಎಳೆದುಕೊಂಡಳು. ನನ್ನ ಸಾಮಾನನ್ನು ನಾನೇ ಚೀಲಕ್ಕೆ ತುಂಬಿಕೊಂಡೆ. ಕೈ ನಡುಗುತ್ತಿತ್ತು. ಯಾರೂ ‘ಸಾರಿ’ ಎನ್ನಲಿಲ್ಲ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು ನಾನು. ಮಕ್ಕಳ ಕೈಗೆ ಅಟ್ಲಾಸ್ ಕೊಡುವ ಮೊದಲು ಕೈ ತೊಳೆದು ಬನ್ನಿ ಅನ್ನುತ್ತಿದ್ದೆ. ನನ್ನ ಮೇಲೆ ನಕ್ಷೆ ಕದ್ದ ಆರೋಪ!

ಹಳೇ ನಕ್ಷೆ ಯಾಕೆ ಬೇಕು ಎಂದು ನಿಮ್ಮವರು ಕೇಳಿದ್ದಕ್ಕೆ ಇಲ್ಲಿ ಉತ್ತರಿಸುತ್ತೇನೆ. 1942ರಲ್ಲಿ ಜರ್ಮನರು ಇಂಗ್ಲೆಂಡಿನ ಚಾರಿತ್ರಿಕ ಊರುಗಳನ್ನು ಆರಿಸಿ ಬಾಂಬ್ ಹಾಕಿದರು. ಆ ದಾಳಿಗಳಿಗೆ ಬೇಡೆಕರ್ ಎಂಬ ಪ್ರವಾಸ ಗೈಡಿನ ಹೆಸರೇ ಅಂಟಿಕೊಂಡಿತು. ಏಪ್ರಿಲ್‌ನಲ್ಲಿ ಬಾತ್, ಮೇ ತಿಂಗಳಲ್ಲಿ ಎಕ್ಸೆಟರ್. ಬಾತ್‌ನ ಅಸೆಂಬ್ಲಿ ರೂಮ್ಸ್ ಎಂಬ ಹಳೆಯ ಸಭಾಭವನ ದುರಸ್ತಿಯಾಗಿ 1938ರಲ್ಲಿ ತೆರೆದಿತ್ತು, ನಾಲ್ಕೇ ವರ್ಷಕ್ಕೆ ಸುಟ್ಟುಹೋಯಿತು. ಅದನ್ನು ಮತ್ತೆ ಕಟ್ಟಿದರು. ಎಕ್ಸೆಟರಿನ ಬೆಡ್‌ಫರ್ಡ್ ಸರ್ಕಸ್ ಎಂಬ, ಬಾಗಿದ ಮನೆಸಾಲುಗಳ ಚೆಂದದ ಬೀದಿಗೆ ಆ ಭಾಗ್ಯವೂ ಬರಲಿಲ್ಲ, ಸುಟ್ಟು ಉಳಿದದ್ದನ್ನು ಕೆಡವಿದರು. ಅದು ಎಲ್ಲಿತ್ತು, ಯಾವ ಬೀದಿ ಅದಕ್ಕೆ ಸೇರುತ್ತಿತ್ತು, ಸ್ಟೇಷನ್ನಿನಿಂದ ಕೆಥೆಡ್ರಲ್‌ಗೆ ನಡೆದು ಹೋಗುವವನಿಗೆ ಅದು ಯಾವ ಕಡೆಗೆ ಸಿಗುತ್ತಿತ್ತು, ಇದನ್ನೆಲ್ಲ ಯುದ್ಧಕ್ಕೆ ಮೊದಲಿನ ಇಂಥ ಗೈಡು ಹೇಳುತ್ತದೆ. ಪಠ್ಯ ‘ಎಡಕ್ಕೆ ತಿರುಗಿ’ ಅನ್ನುತ್ತದೆ, ನಕ್ಷೆ ಆ ತಿರುವನ್ನು ತೋರಿಸುತ್ತದೆ. ಎರಡೂ ಒಟ್ಟಿಗೆ ಇದ್ದರೆ ಮಾತ್ರ ಆ ಊರಲ್ಲಿ ನಡೆಯಬಹುದು. ನೀವು ಒಂದನ್ನು ಗೋಡೆಗೆ ಹೊಡೆದು ಇನ್ನೊಂದನ್ನು ನನಗೆ ಕಳಿಸಿದ್ದೀರಿ. ಒಂದೇ ಪುಸ್ತಕಕ್ಕೆ ಎರಡು ಸಲ ಬೆಲೆ ಕಟ್ಟುವ ಈ ಕಸುಬಿಗೆ ನನ್ನ ಬಾಯಲ್ಲಿ ಬರುವ ಹೆಸರು ಕಟುಕತನ.

ಇ-ಕಾಮರ್ಸ್ ನಿಯಮ 2020ರಲ್ಲಿ ಏನಿದೆ ಎಂದು ನಿಮಗೆ ತಿಳಿದೇ ಇರಬೇಕು. ದೂರು ತಲುಪಿದ 48 ಗಂಟೆಯೊಳಗೆ ಕುಂದುಕೊರತೆ ಅಧಿಕಾರಿ ಸ್ವೀಕೃತಿ ಕೊಡಬೇಕು, ತಿಂಗಳೊಳಗೆ ಪರಿಹರಿಸಬೇಕು. ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದ ಸರಕನ್ನು ವಾಪಸ್ ಪಡೆಯುವುದಿಲ್ಲ ಎನ್ನುವ ಹಕ್ಕು ಮಾರಾಟಗಾರನಿಗಿಲ್ಲ. ನನ್ನ ನಾಲ್ಕೂ ನಕ್ಷೆಗಳನ್ನು ಚೌಕಟ್ಟಿನಿಂದ ಬಿಡಿಸಿ ಕಳಿಸಿ. ಮಾರಿಬಿಟ್ಟಿದ್ದರೆ ಪೂರ್ತಿ ಹಣ ಕೊಡಿ, ರೈಲಿನ ಖರ್ಚೂ ಸೇರಿಸಿ. ಚೀಲ ತಡಕಿದ್ದಕ್ಕೆ ಮ್ಯಾನೇಜರ್ ಕೈಬರಹದಲ್ಲಿ ಕ್ಷಮೆ ಕೇಳಬೇಕು, ಇಮೇಲ್ ಬೇಡ.

ಆಗದಿದ್ದರೆ ನಾನು ಬೆಂಗಳೂರಿಗೆ ಬರುವುದಿಲ್ಲ, ನೀವು ಮೈಸೂರಿಗೆ ಬರುತ್ತೀರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕ ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು. ಐದು ಲಕ್ಷದೊಳಗಿನ ದೂರಿಗೆ ಶುಲ್ಕವೂ ಇಲ್ಲ. ಕತ್ತರಿಸಿದ ನಾಲ್ಕೂ ಅಂಚುಗಳ ಫೋಟೋ ಅಳತೆಪಟ್ಟಿ ಇಟ್ಟು ತೆಗೆದಿದ್ದೇನೆ. ನಿಮ್ಮ ‘ವಾಲ್ ಆರ್ಟ್’ ಪುಟದಲ್ಲಿರುವ ಪ್ರತಿ ನಕ್ಷೆಯ ಚಿತ್ರವನ್ನೂ ಉಳಿಸಿಕೊಂಡಿದ್ದೇನೆ, ಇನ್ನು ಅಳಿಸಿದರೂ ಪ್ರಯೋಜನವಿಲ್ಲ. ಗೋಡೆಯ ಮೇಲಿನ ಬೊಗ್ನರ್ ನಕ್ಷೆಯನ್ನು ಆಯೋಗದ ಮುಂದೆ ತರಿಸಿ ನನ್ನ ಪುಸ್ತಕಕ್ಕೆ ಜೋಡಿಸಿ ನೋಡಬೇಕೆಂದು ಅರ್ಜಿ ಹಾಕುತ್ತೇನೆ. ನಿಮ್ಮಲ್ಲಿ ಪುಸ್ತಕ ಕೊಳ್ಳುವ ಕಾಲೇಜು ಲೈಬ್ರರಿಗಳಿಗೂ ಇದೇ ಪತ್ರದ ಪ್ರತಿ ಹೋಗುತ್ತದೆ.

ಇಂತಿ,
ನಿವೃತ್ತ ಭೂಗೋಳ ಶಿಕ್ಷಕಿ, ಮೈಸೂರು

ಲಗತ್ತು: ರಸೀದಿ, ನಿಮ್ಮ ವೆಬ್‌ಸೈಟಿನ ವಿವರಣೆಯ ಪ್ರತಿ, ಕತ್ತರಿಸಿದ ಅಂಚುಗಳ ಫೋಟೋಗಳು