ಮತ್ತೆ ಮ್ಯಾಟ್ ಮೇಲೆ: ಎಲ್ಲರಿಗೂ ಥ್ಯಾಂಕ್ಸ್

ಈ ವಾರದಿಂದ ನಾನು ಮತ್ತೆ ಕರಾಟೆ ಕ್ಲಾಸ್ ತೆಗೆದುಕೊಳ್ಳುತ್ತಿದ್ದೇನೆ. ಬೆನ್ನುಮೂಳೆಯ ಡಿಸ್ಕ್ ಜಾರಿ ಮಲಗಿದ್ದಾಗ "ಇನ್ನು ಕಿಕ್ ಹೊಡೆಯೋದೆಲ್ಲ ಮರೆತುಬಿಡಿ" ಅಂದವರಿದ್ದರು. ಸದ್ಯಕ್ಕೆ ನನ್ನ ಕಿಕ್ ಸೊಂಟದ ಎತ್ತರಕ್ಕೆ ಹೋಗುತ್ತಿದೆ. ಸಂತೋಷಕ್ಕೆ ಅಷ್ಟು ಸಾಕು.

ಮೊದಲು ನೆನೆಯಬೇಕಾದವರನ್ನು ನಾನು ಕಂಡೇ ಇಲ್ಲ. ಹಾಸಿಗೆ ಹಿಡಿದಾಗ ನನಗೆ ಧೈರ್ಯ ಕೊಟ್ಟದ್ದು ಬ್ರೂಸ್ ಲೀ ಅವರ 1970ನೇ ಇಸವಿ. ಹಾಂಗ್‌ಕಾಂಗ್‌ನಲ್ಲಿ ಗುರು ಇಪ್ ಮನ್ ಅವರ ಬಳಿ ವಿಂಗ್ ಚುನ್ ಎಂಬ ಕುಂಗ್ ಫು ಶೈಲಿ ಕಲಿತದ್ದು, ಅಮೆರಿಕದಲ್ಲಿ ಕುಂಗ್ ಫು ಶಾಲೆ ತೆರೆದದ್ದು, 1966ರಲ್ಲಿ 'ದಿ ಗ್ರೀನ್ ಹಾರ್ನೆಟ್' ಟಿವಿ ಧಾರಾವಾಹಿಯಲ್ಲಿ ಕೇಟೋ ಪಾತ್ರ ಮಾಡಿದ್ದು ಎಲ್ಲರಿಗೂ ಗೊತ್ತು. ನನಗೆ ಬೇಕಿದ್ದದ್ದು ಅದರ ನಂತರದ ಕಥೆ. ಆ ವರ್ಷ ವಾರ್ಮ್ ಅಪ್ ಇಲ್ಲದೆ 125 ಪೌಂಡ್, ಅಂದರೆ ಸುಮಾರು 57 ಕೆಜಿ ತೂಕವನ್ನು ಹೆಗಲ ಮೇಲಿಟ್ಟು ಸೊಂಟದಿಂದ ಬಗ್ಗಿ ಏಳುವಾಗ ಬೆನ್ನಿನ ಕೆಳಗಿನ ನರಕ್ಕೆ ಪೆಟ್ಟಾಯಿತು. ಇನ್ನು ಕಿಕ್ ಸಾಧ್ಯವಿಲ್ಲ ಎಂದರು ವೈದ್ಯರು. ತಿಂಗಳುಗಟ್ಟಲೆ ವಿಶ್ರಾಂತಿ. ಆ ದಿನಗಳಲ್ಲಿ ಅವರು ಓದಿದರು, ತಾವೇ ರೂಪಿಸಿದ ಹೋರಾಟದ ಕಲೆ ಜೀತ್ ಕುನೆ ಡೊ ಬಗ್ಗೆ ಪುಟಗಟ್ಟಲೆ ಟಿಪ್ಪಣಿ ಬರೆದರು. 1971ರಲ್ಲಿ ಥಾಯ್ಲೆಂಡ್‌ಗೆ ಹೋಗಿ 'ದಿ ಬಿಗ್ ಬಾಸ್' ಸಿನಿಮಾ ಮಾಡಿದರು. 1973ರಲ್ಲಿ, 32ನೇ ವಯಸ್ಸಿಗೇ ತೀರಿಕೊಳ್ಳುವವರೆಗೆ ಬೆನ್ನುನೋವು ಅವರನ್ನು ಬಿಡಲಿಲ್ಲ. ಅವರು ನಾಯಕರಾಗಿ ಮಾಡಿದ ಕುಂಗ್ ಫು ಚಿತ್ರಗಳೆಲ್ಲ ಆ ನೋವಿನ ಬೆನ್ನಿನಲ್ಲೇ ಆದವು!

ಅವರೇ ಬರೆದು ನಿರ್ದೇಶಿಸಿದ 'ವೇ ಆಫ್ ದಿ ಡ್ರ್ಯಾಗನ್'ನಲ್ಲಿ ರೋಮ್‌ನ ಕೊಲೊಸಿಯಂ ಕಾದಾಟಕ್ಕೆ ಮುಂಚೆ ಲೀ, ಎದುರಾಳಿ ಪಾತ್ರದ ಚಕ್ ನಾರಿಸ್ ಇಬ್ಬರೂ ಕೈಕಾಲು ಎಳೆದು, ಕೀಲು ಸಡಿಲಿಸಿಕೊಳ್ಳುತ್ತಾ ನಿಲ್ಲುತ್ತಾರೆ. ಎಷ್ಟು ನಿಧಾನವಾಗಿ! ಬೆನ್ನು ಕಳೆದುಕೊಂಡಿದ್ದ ಮನುಷ್ಯ ಮಾತ್ರ ವಾರ್ಮ್ ಅಪ್‌ಗೆ ಅಷ್ಟು ಹೊತ್ತು ಕೊಡಬಲ್ಲ ಎಂದೇ ನಾನು ನಂಬಿದ್ದೇನೆ. ನನ್ನ ವಿದ್ಯಾರ್ಥಿಗಳೇ, ಇನ್ನು ಮೇಲೆ ನಮ್ಮ ಕ್ಲಾಸಿನಲ್ಲೂ ಹಾಗೆಯೇ.

ಲೀ ಮನೆಯಲ್ಲಿದ್ದಾಗ ಪತ್ನಿ ಲಿಂಡಾ ಕೆಲಸಕ್ಕೆ ಹೋಗಿ ಸಂಸಾರ ನಡೆಸಿದರು. ಇಬ್ಬರು ಚಿಕ್ಕ ಮಕ್ಕಳು, ಕೈಯಲ್ಲಿ ದುಡ್ಡಿಲ್ಲ. ಇದನ್ನು ಓದಿದಾಗ ನಮ್ಮ ಮನೆಯವರು ನೆನಪಾಗಿ ಕಣ್ಣು ತುಂಬಿತು. ಆಫೀಸು, ಅಡುಗೆ, ಮಗಳ ಹೋಂವರ್ಕ್ ಎಲ್ಲ ಮುಗಿಸಿ, ರಾತ್ರಿ ನಾನು ಮಗ್ಗುಲು ಬದಲಿಸಲು ಕೈ ಕೊಡುತ್ತಿದ್ದರು. ರೀ, ಇಷ್ಟು ಜನರ ಮುಂದೆ ಹೇಳುತ್ತಿದ್ದೇನೆ: ನಿಮ್ಮಿಂದಲೇ ನಾನು ಎದ್ದು ನಿಂತೆ. ಅತ್ತೆ, ನೀವು ಒಂದು ದಿನವೂ "ಈ ಕರಾಟೆ ಸಾಕು" ಅನ್ನಲಿಲ್ಲ. ಅದು ಸಣ್ಣ ಮಾತಲ್ಲ.

ಫಿಸಿಯೋ ಮೇಡಂ, ಮಂಡಿ-ಅಂಗೈ ಊರಿಸಿ, ಒಂದು ಕೈಯನ್ನೂ ಎದುರಿನ ಕಾಲನ್ನೂ ಚಾಚಿಸಿ, ಬೆನ್ನಿನ ಮೇಲೆ ನೀರಿನ ಬಾಟಲಿ ಇಡುತ್ತಿದ್ದಿರಿ. ಅದು ಉರುಳದೆ ನಿಂತ ದಿನ ನನಗಿಂತ ಮೊದಲು ಚಪ್ಪಾಳೆ ತಟ್ಟಿದವರು ನೀವು. ಸೆನ್ಸೇ (ನನ್ನ ಕರಾಟೆ ಗುರುಗಳೇ), ನನ್ನ ಕ್ಲಾಸನ್ನು ಬೇರೆಯವರಿಗೆ ಕೊಡದೆ ಕಾದಿರಿಸಿದ್ದಕ್ಕೆ ನಿಮಗೆ ನಮಸ್ಕಾರ.

ಮಕ್ಕಳೇ, ನಾನು ಕುರ್ಚಿಯಲ್ಲಿ ಕೂತು ಬರೀ ಬಾಯಲ್ಲಿ ಕಟಾ, ಅಂದರೆ ಕರಾಟೆಯ ಕ್ರಮಬದ್ಧ ಚಲನೆಗಳನ್ನು, ಹೇಳಿಕೊಡುತ್ತಿದ್ದಾಗಲೂ ನೀವು ಬೆವರಿಳಿಸಿ ಕಲಿತಿರಿ. ಮುಂದಿನ ಬೆಲ್ಟ್ ಪರೀಕ್ಷೆಯಲ್ಲಿ ಪ್ಯಾಡ್ ಹಿಡಿದು ನಿಮ್ಮೆದುರು ನಾನೇ ನಿಲ್ಲುತ್ತೇನೆ.