ಕುಂಚದ ಮಾತುಕತೆ

ಪ್ರಿಯ ಗೆಳೆಯ,

ಜಪಾನಿ ಮಾತು ಬಾರದ ಚೀನೀ ಕವಿ, ರಾಜತಾಂತ್ರಿಕ ಹುವಾಂಗ್ ಜುನ್‌ಶಿಯೆನ್ ಟೋಕಿಯೋದಲ್ಲಿ ಅಷ್ಟೊಂದು ಗೆಳೆಯರನ್ನು ಸಂಪಾದಿಸಿದ್ದು ಹೇಗೆ ಅಂತ ಕೇಳಿದ್ದೆಯಲ್ಲ. ಕುಂಚ ಹಿಡಿದೇ ಸಂಪಾದಿಸಿದ.

1877ರ ಕೊನೆಗೆ ಚೀನಾದ ರಾಯಭಾರಿಯ ಸಲಹೆಗಾರನಾಗಿ ಅಲ್ಲಿಗೆ ಹೋದಾಗ ಅವನಿಗೆ 29 ವರ್ಷ. ಇಬ್ಬರು ಎದುರುಬದುರು ಕೂರುತ್ತಾರೆ, ನಡುವೆ ಕಾಗದ, ಮಸಿ. ಒಬ್ಬ ಹಳೆಯ ಗ್ರಾಂಥಿಕ ಚೀನೀಯಲ್ಲಿ ಒಂದು ಸಾಲು ಬರೆದು ಹಾಳೆ ಸರಿಸಿದರೆ, ಇನ್ನೊಬ್ಬ ಪಕ್ಕದಲ್ಲೇ ಉತ್ತರ ಬರೆಯುತ್ತಾನೆ. ಚೀನೀಯನು ಆ ಸಾಲನ್ನು ಮೇಲಿಂದ ಕೆಳಗೆ ನೇರವಾಗಿ ಓದುತ್ತಾನೆ. ಜಪಾನಿಯಲ್ಲಿ ನಮ್ಮ ಹಾಗೆ ಕ್ರಿಯಾಪದ ಕೊನೆಗೆ ಬರಬೇಕು. ಆದ್ದರಿಂದ ಅದೇ ಸಾಲನ್ನು ಜಪಾನೀಯನು ಹಿಂದುಮುಂದು ಮಾಡಿಕೊಂಡು ಓದುತ್ತಾನೆ. ಉಚ್ಚಾರ ಬೇರೆ, ಅರ್ಥ ಒಂದೇ.

ಎಲ್ಲ ಸಲವೂ ಒಂದೇ ಅಲ್ಲ. ಚೀನೀಯರು 'ಟಾಂಗ್' ಎಂದು ಓದುವ ಅಕ್ಷರ ದಿನಬಳಕೆಯಲ್ಲಿ ಅವರಿಗೆ ಸಾರು. ಅದನ್ನೇ 'ಯು' ಎಂದು ಓದುವ ಜಪಾನೀಯರಿಗೆ ಬಿಸಿನೀರು. ನಮ್ಮ 'ಉಪನ್ಯಾಸ' ಹಿಂದಿಗೆ ಹೋದರೆ ಕಾದಂಬರಿ ಆಗುತ್ತದಲ್ಲ, ಹಾಗೆ.

ಇದಕ್ಕಿಂತ ದೊಡ್ಡ ತೊಡಕು ಬೇರೆಯೇ ಇತ್ತು. ಹೀಗೆ ಬರೆಯಬಲ್ಲವರು ಚೀನೀ ಗ್ರಂಥಗಳನ್ನು ಓದಿ ಬೆಳೆದ ಹಳೆಯ ಪಂಡಿತರು, ಅಧಿಕಾರ ಕಳೆದುಕೊಂಡ ಕುಲೀನರು. ಜಪಾನಿನಲ್ಲಿ 1868ರಲ್ಲಿ ಅಧಿಕಾರಕ್ಕೆ ಬಂದ ಮೇಜಿ ಸರ್ಕಾರದ ಹೊಸ ಸುಧಾರಣೆಗಳ ಬಗ್ಗೆ ಅವರಲ್ಲಿ ಅನೇಕರಿಗೆ ಅಸಮಾಧಾನ. ಅವರ ಕೊರಗೇ ಹುವಾಂಗನ ಕಿವಿಗೆ ಮೊದಲು ಬಿತ್ತು, ಜಪಾನ್ ಕುರಿತು ಅವನು ಬರೆದ 1879ರ ಪದ್ಯಗಳಲ್ಲೂ ಇಳಿಯಿತು. ಒಟ್ಟು 154 ಪದ್ಯ, ಪ್ರತಿಯೊಂದಕ್ಕೂ ಏಳೇಳು ಅಕ್ಷರದ ನಾಲ್ಕು ಸಾಲು. 28 ಅಕ್ಷರದಲ್ಲಿ ಒಂದು ಪದ್ಧತಿಯನ್ನೋ ಸಂಸ್ಥೆಯನ್ನೋ ವಿವರಿಸಲಾಗದು, ಅದಕ್ಕೇ ಕೆಳಗೆ ಗದ್ಯದ ಟಿಪ್ಪಣಿ. ನೀನು ಓದುವಾಗ ಟಿಪ್ಪಣಿಯಿಂದ ಶುರುಮಾಡು. ಪದ್ಯ ತಾನಾಗಿ ಬಿಚ್ಚಿಕೊಳ್ಳುತ್ತದೆ.

ತಕಸಾಕಿಯ ಮಾಜಿ ಪಾಳೆಯಗಾರ ಓಕೋಚಿ ತೆರುನಾ ಈ ಮಾತುಕತೆಯ ಹಾಳೆಗಳನ್ನು ಜೋಪಾನವಾಗಿ ಕಾಪಿಟ್ಟ. ಪದ್ಯಗಳ ಹಸ್ತಪ್ರತಿಯನ್ನು ಹುವಾಂಗನಿಂದ ಕೇಳಿ ಪಡೆದು, ಟೋಕಿಯೋದ ತನ್ನ ತೋಟದಲ್ಲಿ ಹೂತು, ಮೇಲೆ ಕಲ್ಲು ನಿಲ್ಲಿಸಿದ. ಎಂಥ ಪ್ರೀತಿ ನೋಡು!

ಆಮೇಲೆ ಹುವಾಂಗ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಾನ್ಸುಲ್ ಜನರಲ್ ಆದ. ಊರಿಗೆ ಮರಳಿ, ಜಪಾನಿನ ಆಡಳಿತ, ಸೇನೆ, ಶಿಕ್ಷಣ ಎಲ್ಲವನ್ನೂ ವಿವರಿಸುವ 40 ಸಂಪುಟಗಳ ಗ್ರಂಥವನ್ನು 1887ರಲ್ಲಿ ಮುಗಿಸಿದ. ಚೀನಾ ಅದನ್ನು ಗಮನವಿಟ್ಟು ಓದಿದ್ದು 1895ರಲ್ಲಿ ಜಪಾನಿನ ಕೈಲಿ ಸೋತ ಮೇಲೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

1890ರಲ್ಲಿ ಲಂಡನ್ನಿನಲ್ಲಿದ್ದಾಗ ಹಳೆಯ ಪದ್ಯಗಳನ್ನು ಮತ್ತೆ ಕೈಗೆತ್ತಿಕೊಂಡ. ಅಂದು ಹಳಬರ ಮಾತಿಗೆ ಕಿವಿಗೊಟ್ಟಿದ್ದೆ ಎಂದು ಮುನ್ನುಡಿಯಲ್ಲಿ ತಾನೇ ಒಪ್ಪಿಕೊಂಡು, ತಿದ್ದಿ, ಸೇರಿಸಿ 200 ಪದ್ಯ ಮಾಡಿದ. ನೀನು ಹುಡುಕಬೇಕಾದದ್ದು ಈ 200ರ ಪಾಠ. ಓಕೋಚಿ ಹೂತದ್ದು ಮೊದಲಿನದು.

ನಿನ್ನ ಗೆಳೆಯ